ಫಾರ್ಮಿನಲ್ಲಿ ಖಾಲಿ ಉಳಿದ ಸಾಲು

(ಊರು ಬಿಟ್ಟು ಊರಿಗೆ ಬಂದ ಕುಟುಂಬಗಳ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವತ್ತು ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ಹೋದ ಒಂದೆರಡು ವರ್ಷದಲ್ಲಿ ಮನೆ ಖಾಲಿ ಮಾಡಿಕೊಂಡು ದೂರದಿಂದ ಬಂದವರು ಅಂತ ಕೇಳಿದೆ. ಹಾಗಾಗಿ ಪೀಠಿಕೆ ಬೇಡ. ಒಂದು ಫಾರ್ಮಿನಿಂದ ಶುರು ಮಾಡುತ್ತೇನೆ.

ನಾವು ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದು ಆಗ ಆರು ದಿನ ಆಗಿತ್ತು. ನಾನು, ಹೆಂಡತಿ, ಹದಿಮೂರರ ಮಗಳು, ಆರು ವರ್ಷದ ಮಗ, ಜೊತೆಗೆ ನಮ್ಮಮ್ಮ. ಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಮಗನನ್ನು ಶಾಲೆಗೆ ಸೇರಿಸಲು ಹೋದೆ. ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ತುಂಬಿಸುತ್ತಾ ಬಂದೆ. ವಿಳಾಸ ಬರೆಯಲು ಮೊಬೈಲ್ ನೋಡಬೇಕಾಯಿತು, ಇನ್ನೂ ಬಾಯಿಗೆ ಬಂದಿರಲಿಲ್ಲ. ಕೊನೆಯ ಪುಟದಲ್ಲಿ ಒಂದು ಸಾಲು ಇತ್ತು. 'ತುರ್ತು ಸಂದರ್ಭದಲ್ಲಿ ಯಾರಿಗೆ ಫೋನ್ ಮಾಡಬೇಕು? ತಂದೆ ತಾಯಿ ಬಿಟ್ಟು ಬೇರೆಯವರ ಹೆಸರು ಬರೆಯಿರಿ.' ಅದರ ಮುಂದೆ ಮೂರು ಚೌಕ: ಹೆಸರು, ಫೋನ್ ನಂಬರ್, ಸಂಬಂಧ.

ಪೆನ್ನು ಅಲ್ಲೇ ನಿಂತಿತು.

ಹಿಂದಿನ ಊರಿನಲ್ಲಾಗಿದ್ದರೆ ಯಾರ ಹೆಸರು ಬರೆಯಲಿ, ಯಾರದನ್ನು ಬಿಡಲಿ ಅನ್ನುವಷ್ಟು ಜನ ಇದ್ದರು. ಇಲ್ಲಿ ಒಬ್ಬರೂ ಇರಲಿಲ್ಲ. ಕಚೇರಿಯಲ್ಲಿದ್ದವರು ಒಳ್ಳೆಯವರು, 'ಪರವಾಗಿಲ್ಲ, ಆಮೇಲೆ ತಂದು ಕೊಡಿ' ಅಂದರು. ಆ ಮೂರು ಚೌಕ ಖಾಲಿ ಬಿಟ್ಟು ಬಂದೆ. ಹೊಸ ಊರಿನಲ್ಲಿ ನಮಗೆ ನಿಜವಾಗಿ ಏನಿಲ್ಲ ಅನ್ನುವುದನ್ನು ಆ ಖಾಲಿ ಸಾಲಿನಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ನನಗೆ ಹೇಳಿಲ್ಲ. ನಾವು 'ಸಮುದಾಯ' ಅಂತ ದೊಡ್ಡ ಮಾತಾಡುತ್ತೇವೆ. ನನ್ನ ಮಟ್ಟಿಗೆ ಅದರ ಅರ್ಥ ಇಷ್ಟೇ: ಕರೆದರೆ ಓ ಅನ್ನುವ ಎರಡು ಮೂರು ಮನೆ.

ಮೂರನೇ ವಾರ ಆ ಸಾಲಿಗೆ ಇನ್ನೂ ಭಾರ ಬಂತು. ಹಳೇ ಮನೆಯ ಕೆಲಸ ಮುಗಿಸಲು ಹೆಂಡತಿ ವಾಪಸ್ ಹೋಗಿದ್ದಳು. ರಾತ್ರಿ ಒಂದು ಗಂಟೆಗೆ ಮಗನ ಮೈ ಮುಟ್ಟಿದರೆ ಸುಡುತ್ತಿತ್ತು. ಆಸ್ಪತ್ರೆಗೆ ಹೋಗಲೇಬೇಕು. ಮಗಳು ಮಲಗಿದ್ದಾಳೆ. ಅಮ್ಮನಿಗೆ ಆ ಊರಿನ ಮಾತು ಒಂದಕ್ಷರ ಬಾರದು. ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ. ಎದುರು ಮನೆಯಲ್ಲಿ ಬೆಳಕಿತ್ತು. ಬಾಗಿಲ ಕೆಳಗಿನ ಸಂದಿಯಿಂದ ಒಂದು ಗೆರೆಯಷ್ಟು ಬೆಳಕು ಮೊಸಾಯಿಕ್ ನೆಲದ ಮೇಲೆ ಬಿದ್ದಿತ್ತು. ಕೈ ಎತ್ತಿದೆ. ತಟ್ಟಲಿಲ್ಲ. ಪರಿಚಯವೇ ಇಲ್ಲ, ಈ ಹೊತ್ತಿನಲ್ಲಿ ಹೇಗೆ ಕೇಳುವುದು ಅನ್ನಿಸಿ ಹೊರಟುಬಿಟ್ಟೆ. ಬೆಳಗ್ಗೆ ಐದಕ್ಕೆ ವಾಪಸ್ ಬಂದಾಗ ಅಮ್ಮ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತೇ ಇದ್ದರು. ನಾನು ಹೋದಾಗಿನಿಂದ ಹಾಗೇ ಕೂತಿದ್ದರಂತೆ.

ಆ ಬೆಳಕಿನ ಗೆರೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ಮನೋವೈದ್ಯರು ಬದುಕಿನ 43 ಬದಲಾವಣೆಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೂ ಒಂದು ಅಂಕ ಕೊಟ್ಟರು. ಮನುಷ್ಯನಿಗೆ ಯಾವುದರಿಂದ ಎಷ್ಟು ಒತ್ತಡ ಅಂತ ಅಳೆಯುವ ಪಟ್ಟಿ ಅದು. ಸಂಗಾತಿಯ ಸಾವಿಗೆ 100. ಮನೆ ಬದಲಿಸುವುದಕ್ಕೆ ಬರೀ 20. ಮೊದಲು ಓದಿದಾಗ ಇಷ್ಟು ಕಡಿಮೆಯೇ ಅನ್ನಿಸಿತು. ಆಮೇಲೆ ಅದೇ ಪಟ್ಟಿಯಲ್ಲಿ ಕೆಳಗೆ ಮೇಲೆ ಕಣ್ಣಾಡಿಸಿದೆ. ಶಾಲೆ ಬದಲಾದರೆ 20. ಹೆಂಡತಿ ಅಥವಾ ಗಂಡ ಕೆಲಸ ಬಿಟ್ಟರೆ 26. ಬದುಕುವ ಪರಿಸರ ಬದಲಾದರೆ 25. ಜನರ ಜೊತೆಗಿನ ಒಡನಾಟ ಬದಲಾದರೆ 18. ನಮ್ಮ ಮನೆಗೆ ಇವೆಲ್ಲ ಒಂದೇ ತಿಂಗಳಲ್ಲಿ ಬಂದಿದ್ದವು. ಕೂಡಿದರೆ 109. ಸಾವಿನ ಜೊತೆ ಹೋಲಿಸುವುದು ನನ್ನ ಉದ್ದೇಶ ಅಲ್ಲ. ಊರು ಬಿಡುವುದು ಒಂದು ಘಟನೆ ಅಲ್ಲ, ಐದಾರು ಘಟನೆಗಳ ಗಂಟು ಅಂತ ಹೇಳಬೇಕಿತ್ತು, ಅಷ್ಟೆ. 'ಬರೀ ಮನೆ ಬದಲಿಸಿದ್ದಕ್ಕೆ ಯಾಕೆ ಇಷ್ಟು ಸುಸ್ತು' ಅಂತ ನಿಮ್ಮಲ್ಲಿ ಯಾರಾದರೂ ನಿಮ್ಮನ್ನೇ ಬೈದುಕೊಳ್ಳುತ್ತಿದ್ದರೆ, ದಯವಿಟ್ಟು ನಿಲ್ಲಿಸಿ.

ಆ ಗಂಟು ಎಲ್ಲರ ತಲೆಯ ಮೇಲೂ ಒಂದೇ ಸಮ ಕೂರುವುದಿಲ್ಲ. ನಾನು ತಡವಾಗಿ ಕಲಿತ ವಿಷಯ ಇದು. ಬಂದಿದ್ದು ನನ್ನ ಕೆಲಸಕ್ಕಾಗಿ. ಮೊದಲ ದಿನವೇ ನನಗೆ ಕೂರಲು ಒಂದು ಕುರ್ಚಿ, ಹೆಸರು ಹಿಡಿದು ಕರೆಯಲು ಹತ್ತು ಜನ ಸಿಕ್ಕರು. ಮಧ್ಯಾಹ್ನ ಊಟಕ್ಕೆ ಜೊತೆಯಾಯಿತು. 'ಎಷ್ಟು ಒಳ್ಳೆ ಊರು' ಅಂತ ಮನೆಗೆ ಬಂದು ಹೇಳುತ್ತಿದ್ದೆ. ಹೆಂಡತಿ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಅವಳು ಹದಿನಾಲ್ಕು ವರ್ಷ ಮಾಡಿದ್ದ ಕೆಲಸ ಬಿಟ್ಟು ಬಂದಿದ್ದಳು. ಒಂದು ದಿನ ಹೇಳಿದಳು: 'ನಿನ್ನೆಯಿಂದ ಇವತ್ತಿನವರೆಗೆ ಮನೆಯವರು ಬಿಟ್ಟು ನನ್ನ ಹೆಸರನ್ನು ಯಾರೂ ಕರೆದಿಲ್ಲ.'

ಜೇಕಬ್ ಮಿನ್ಸರ್ ಎಂಬ ಅರ್ಥಶಾಸ್ತ್ರಜ್ಞ 1978ರಲ್ಲಿ ಕುಟುಂಬಗಳ ವಲಸೆ ಬಗ್ಗೆ ಬರೆಯುತ್ತಾ ಇಂಥವರಿಗೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಹೇಳುವುದಾದರೆ 'ಕಟ್ಟುಬಿದ್ದು ಹೊರಟವರು'. ಒಟ್ಟು ಲೆಕ್ಕದಲ್ಲಿ ಕುಟುಂಬಕ್ಕೆ ಲಾಭ, ಆದರೆ ಅವರೊಬ್ಬರದೇ ಲೆಕ್ಕ ತೆಗೆದರೆ ನಷ್ಟ. ಒಬ್ಬರೇ ಆಗಿದ್ದರೆ ಅವರು ಹೊರಡುತ್ತಲೇ ಇರಲಿಲ್ಲ. ಬಹಳ ಮನೆಗಳಲ್ಲಿ ಈ ಜಾಗ ಹೆಂಗಸರದ್ದೇ. ಕೆಲಸದ ಮೇಲೆ ಬಂದವರಿಗೆ ನನ್ನದೊಂದು ಕೋರಿಕೆ. ನಿಮಗೆ ಸಿಕ್ಕ ಹತ್ತು ಜನ ನಿಮ್ಮ ಮನೆಗೆ ಸಿಕ್ಕ ಜನ ಅಲ್ಲ. ಇದು ನನಗೆ ಕಾಣಲು ನಾಲ್ಕು ತಿಂಗಳು ಬೇಕಾಯಿತು. ಅದಕ್ಕೆ ನನಗೆ ಇವತ್ತಿಗೂ ಬೇಸರವಿದೆ.

ಮಕ್ಕಳ ವಿಷಯಕ್ಕೆ ಬರೋಣ. 'ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ ಬಿಡಿ' ಅಂತ ಎಲ್ಲರೂ ಹೇಳುತ್ತಾರೆ. ಮಗನ ವಿಷಯದಲ್ಲಿ ನಿಜವಾಯಿತು. ಒಂದು ವಾರದಲ್ಲಿ ಯಾರ ಜೊತೆಗೋ ಕೈ ಹಿಡಿದುಕೊಂಡು ಶಾಲೆಯಿಂದ ಹೊರಗೆ ಬಂದ. ಮಗಳ ಕತೆಯೇ ಬೇರೆ. ಅವಳು ಮೊದಲೇ ಮಾತು ಕಮ್ಮಿ. ಸಂಜೆ ಬಾಗಿಲು ಹಾಕಿಕೊಂಡು ಹಳೇ ಗೆಳತಿಯರ ಜೊತೆ ಫೋನಿನಲ್ಲಿರುತ್ತಿದ್ದಳು.

ಶಿಗೆಹಿರೊ ಒಯಿಶಿ ಮತ್ತು ಉಲ್ರಿಶ್ ಶಿಮ್ಯಾಕ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ 7,108 ವಯಸ್ಕರ ಮಾಹಿತಿ ಅದರಲ್ಲಿತ್ತು. ಚಿಕ್ಕವರಿದ್ದಾಗ ಮತ್ತೆ ಮತ್ತೆ ಊರು ಬದಲಿಸಿದವರಲ್ಲಿ, ದೊಡ್ಡವರಾದ ಮೇಲೆ ನೆಮ್ಮದಿ ಮತ್ತು ಆಪ್ತ ಸಂಬಂಧಗಳು ಕಡಿಮೆ ಕಂಡವು. ಆದರೆ ಇದು ಅಂತರ್ಮುಖಿಗಳಲ್ಲಿ ಮಾತ್ರ. ಎಲ್ಲರ ಜೊತೆ ಸಲೀಸಾಗಿ ಬೆರೆಯುವವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ ಹೆದರಬೇಡಿ. ಅಲ್ಲಿರುವುದು ಮತ್ತೆ ಮತ್ತೆ ಬದಲಿಸುವುದರ ಮಾತು. ಆದರೆ ಒಂದೇ ಮನೆಯ ಎರಡು ಮಕ್ಕಳಿಗೆ ಒಂದೇ ಗಡುವು ಇಡಬಾರದು ಅನ್ನುವುದನ್ನು ನಾನು ಅದರಿಂದ ಕಲಿತೆ.

ಹಳೇ ಗೆಳತಿಯರ ಫೋನನ್ನು ಕಿತ್ತುಕೊಂಡರೆ ಹೊಸ ಗೆಳತಿಯರು ಸಿಗುತ್ತಾರೆ ಅಂತ ನಮಗೆ ಸಲಹೆ ಕೊಟ್ಟವರಿದ್ದರು. ನಾವು ಕೇಳಲಿಲ್ಲ, ಒಳ್ಳೆಯದೇ ಆಯಿತು. ಅವಳಿಗೆ ಆಗ ಇದ್ದ ನೆಲ ಅದೊಂದೇ. ಹಳೇ ಊರಿನಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದಳು. ಅದನ್ನು ಮಾತ್ರ ಇಲ್ಲೂ ಬಿಡಿಸಲಿಲ್ಲ. ವಾರಕ್ಕೆ ಮೂರು ದಿನ, ಅದೇ ಹೊತ್ತು, ಅದೇ ಅಂಗಳ. ಅಲ್ಲಿ ಮಾತು ಜಾಸ್ತಿ ಬೇಕಿಲ್ಲ. ಎದುರಿಗೆ ಒಬ್ಬಳು ಇದ್ದರೆ ಸಾಕು. ಎಂಟು ತಿಂಗಳ ನಂತರ ಆ ಎದುರಿಗಿದ್ದ ಹುಡುಗಿ ನಮ್ಮ ಮನೆಗೆ ಬಂದಳು. ಅವತ್ತು ಮಗಳ ಕೋಣೆಯಿಂದ ನಗು ಕೇಳಿ ನಾನೂ ಹೆಂಡತಿಯೂ ಅಡುಗೆಮನೆಯಲ್ಲಿ ಮಾತಿಲ್ಲದೆ ನಿಂತಿದ್ದೆವು.

ಆದರೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಗಟ್ಟಿ ಸ್ನೇಹ ಸಂಪಾದಿಸಿದವರು ಯಾರು ಗೊತ್ತಾ? ಅಮ್ಮ. ಎಪ್ಪತ್ತೊಂದು ವರ್ಷದ, ಆ ಊರಿನ ಭಾಷೆ ಬಾರದ, 'ಈ ವಯಸ್ಸಿನಲ್ಲಿ ಇವರನ್ನು ಕರೆದುಕೊಂಡು ಬಂದು ತಪ್ಪು ಮಾಡಿದೆವಾ' ಅಂತ ನಾವು ದಿನಾ ಕೊರಗುತ್ತಿದ್ದ ಅಮ್ಮ.

ಅವರು ಮಾಡಿದ್ದು ಇಷ್ಟೇ. ಸಂಜೆ ಐದಕ್ಕೆ ಕೆಳಗಿಳಿದು ಒಂದು ಬೆಂಚಿನ ಮೇಲೆ ಕೂರುವುದು. ಮೆಟ್ಟಿಲು ಮುಗಿಯುವ ಕಡೆ, ಟಪಾಲು ಡಬ್ಬಿಗಳ ಎದುರಿಗೆ ಇರುವ ಬೆಂಚು. ಹಸಿರು ಬಣ್ಣ ಕಿತ್ತು ಕಿತ್ತು ಬಂದಿತ್ತು. ದಿನಾ ಅದೇ ಬೆಂಚು, ಅದರ ಎಡಗಡೆಯ ತುದಿ. ಮಳೆ ಬಂದರೆ ಕೊಡೆ ಹಿಡಿದುಕೊಂಡು ಐದು ನಿಮಿಷವಾದರೂ ಕೂತು ಬರುತ್ತಿದ್ದರು. ಎರಡನೇ ವಾರ ಇನ್ನೊಬ್ಬ ಅಜ್ಜಿ ಬಲಗಡೆಯ ತುದಿಯಲ್ಲಿ ಕೂರತೊಡಗಿದರು. ನಡುವೆ ಎರಡು ಜನ ಕೂರುವಷ್ಟು ಜಾಗ. ಒಂದು ತಿಂಗಳಲ್ಲಿ ಆ ಜಾಗ ಇರಲಿಲ್ಲ. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಇಬ್ಬರೂ ಮಾತಾಡುತ್ತಿದ್ದರು, ಅವರವರ ಭಾಷೆಯಲ್ಲಿ. ಮಂಡಿ ತೋರಿಸಿ ಅಮ್ಮ ಏನೋ ಹೇಳಿದರೆ ಅವರು ತಮ್ಮ ಮಂಡಿ ತೋರಿಸುತ್ತಿದ್ದರು.

ಇದಕ್ಕೆ ಕಾರಣ ಹುಡುಕಿದರೆ ಹಳೆಯದೊಂದು ಅಧ್ಯಯನ ಸಿಗುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದಲ್ಲಿ ಓದಲು ಬಂದ ಮಾಜಿ ಸೈನಿಕರ ಕುಟುಂಬಗಳಿಗೆ ವೆಸ್ಟ್‌ಗೇಟ್ ಎಂಬ ವಸತಿ ಕಟ್ಟಿದ್ದರು. ಎಲ್ಲರೂ ಹೊಸಬರೇ. ಯಾರಿಗೆ ಯಾವ ಮನೆ ಅನ್ನುವುದು ಅವರ ಕೈಯಲ್ಲಿರಲಿಲ್ಲ. ಲಿಯೊನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಶ್ಯಾಕ್ಟರ್, ಕರ್ಟ್ ಬ್ಯಾಕ್ ಎಂಬ ಸಂಶೋಧಕರು ಯಾರಿಗೆ ಯಾರು ಸ್ನೇಹಿತರು ಅಂತ ಕೇಳುತ್ತಾ ಹೋದರು. 1950ರಲ್ಲಿ ಫಲಿತಾಂಶ ಬಂತು. ಪಕ್ಕದ ಬಾಗಿಲಿನವರು ಸ್ನೇಹಿತರಾಗಿದ್ದು ನೂರಕ್ಕೆ 41. ಎರಡು ಬಾಗಿಲು ಆಚೆಯವರು 22. ಮೊಗಸಾಲೆಯ ಆ ತುದಿ ಈ ತುದಿಯವರು ಬರೀ 10. ಅದೂ ಎಷ್ಟು ದೂರ? ಕೆಲವೇ ಹೆಜ್ಜೆ. ಇನ್ನೂ ಒಂದು ವಿಷಯ ಕಂಡಿತು. ಮೆಟ್ಟಿಲು ಮತ್ತು ಟಪಾಲು ಡಬ್ಬಿಗಳ ಹತ್ತಿರದ ಮನೆಯವರಿಗೆ ಮೇಲಿನ ಮಹಡಿಯವರೂ ಸ್ನೇಹಿತರು. ಯಾಕೆಂದರೆ ಎಲ್ಲರೂ ಅಲ್ಲೇ ಹಾದುಹೋಗಬೇಕು, ಮುಖ ನೋಡಲೇಬೇಕು.

ಅಮ್ಮ ಆ ಬೆಂಚನ್ನು ಆರಿಸಿಕೊಂಡಿದ್ದು ಮಂಡಿ ನೋವಿಗಾಗಿ, ಜಾಸ್ತಿ ನಡೆಯಲು ಆಗುವುದಿಲ್ಲ ಅಂತ. ಆದರೆ ಇಡೀ ಕಟ್ಟಡದಲ್ಲಿ ಅದಕ್ಕಿಂತ ಒಳ್ಳೆ ಜಾಗ ಇರಲಿಲ್ಲ.

ಜಾಗ ಒಂದು ಕಡೆಯಾದರೆ ಸಮಯ ಇನ್ನೊಂದು. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಅಧ್ಯಯನ ಹೊರತಂದರು. ಅದರ ಮೊದಲ ಭಾಗದಲ್ಲಿ ಅವರು ಮಾತಾಡಿಸಿದ್ದು ನಮ್ಮಂಥವರನ್ನೇ, ಆಗಷ್ಟೇ ಊರು ಬದಲಿಸಿದ 355 ಜನರನ್ನು. ಹೊಸದಾಗಿ ಪರಿಚಯವಾದ ಒಬ್ಬರ ಜೊತೆ ಎಷ್ಟು ಹೊತ್ತು ಕಳೆದಿರಿ, ಈಗ ಅವರು ನಿಮಗೆ ಏನಾಗಬೇಕು ಅಂತ ಕೇಳಿದರು. ಮುಖಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ. ನಿಜವಾದ ಸ್ನೇಹವಾಗಲು 90 ಗಂಟೆ. ಆಪ್ತ ಸ್ನೇಹಕ್ಕೆ 200 ಗಂಟೆಗೂ ಮೇಲೆ. ಇನ್ನೊಂದು ಮಾತು: ಬರೀ ಕೆಲಸದ ಜೊತೆಯಲ್ಲಿ ಕಳೆದ ಗಂಟೆಗಳು ಈ ಲೆಕ್ಕದಲ್ಲಿ ಅಷ್ಟು ಉಪಯೋಗಕ್ಕೆ ಬರಲಿಲ್ಲ.

ಇದನ್ನು ನಮ್ಮ ಮನೆಗೆ ಹಾಕಿ ನೋಡಿ. ನಾನು ಒಂದು ಕುಟುಂಬವನ್ನು ವಾರಕ್ಕೊಮ್ಮೆ ಎರಡು ಗಂಟೆ ಭೇಟಿ ಮಾಡುತ್ತೇನೆ ಅಂದುಕೊಳ್ಳಿ. ಒಂದು ವಾರವೂ ತಪ್ಪಿಸದೆ ಹೋದರೂ 200 ಗಂಟೆಗೆ ನೂರು ವಾರ, ಹತ್ತಿರ ಹತ್ತಿರ ಎರಡು ವರ್ಷ. ಅಮ್ಮ ದಿನಕ್ಕೆ ಒಂದು ಗಂಟೆ ಬೆಂಚಿನ ಮೇಲೆ ಕೂತರು. 50 ಗಂಟೆ ಆಗಲು 50 ದಿನ ಸಾಕು. ಏಳು ತಿಂಗಳಲ್ಲಿ 200 ದಾಟಿತು. 'ಬಂದು ಆರು ತಿಂಗಳಾಯಿತು, ಇನ್ನೂ ನಮಗೆ ಇಲ್ಲಿ ನಮ್ಮವರು ಅಂತ ಯಾರೂ ಇಲ್ಲ' ಅಂತ ನನಗೆ ಫೋನ್ ಮಾಡಿ ಅತ್ತವರಿದ್ದಾರೆ. ಅವರಲ್ಲಿ ಏನೂ ಕೊರತೆ ಇಲ್ಲ. ಗಂಟೆಗಳು ಇನ್ನೂ ತುಂಬಿಲ್ಲ, ಅಷ್ಟೇ. ಹಳೇ ಊರಿನ ಗೆಳೆಯರ ಲೆಕ್ಕದಲ್ಲಿ ಎಷ್ಟು ಸಾವಿರ ಗಂಟೆ ಜಮೆಯಾಗಿತ್ತು ಅಂತ ನಾವು ಮರೆತಿರುತ್ತೇವೆ. ಹೊಸಬರನ್ನು ಅವರ ಪಕ್ಕ ನಿಲ್ಲಿಸಿ ಅಳೆದುಬಿಡುತ್ತೇವೆ.

ಅದಕ್ಕೇ ನಾನು ಹೇಳುವುದು, ಎಲ್ಲೆಂದರಲ್ಲಿ ಹೋಗಬೇಡಿ. ಒಂದು ಜಾಗ ಹಿಡಿಯಿರಿ, ಒಂದು ಹೊತ್ತು ಹಿಡಿಯಿರಿ, ಬಿಡದೆ ಹೋಗಿ. ಗ್ರಂಥಾಲಯ, ಆಟದ ಅಂಗಳ, ಬೆಳಗಿನ ನಡಿಗೆ, ಮಕ್ಕಳನ್ನು ಬಿಡುವ ಗೇಟು, ಏನಾದರೂ ಸರಿ. ನಾವು ಮೊದಲ ಎರಡು ತಿಂಗಳು ಭಾನುವಾರಕ್ಕೊಂದು ಹೊಸ ಕಾರ್ಯಕ್ರಮಕ್ಕೆ ಹೋದೆವು. ತುಂಬ ಜನ ಸಿಕ್ಕರು. ಯಾರೂ ಎರಡನೇ ಸಲ ಸಿಗಲಿಲ್ಲ.

ನಮ್ಮ ಭಾಷೆಯವರ ಗುಂಪು ಹುಡುಕಬೇಕಾ ಅಂತ ಬಹಳ ಜನ ಕೇಳುತ್ತಾರೆ. ಖಂಡಿತ ಹುಡುಕಿ. ಹೊಸ ನೆಲದಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಆಗುವ ಸಮಾಧಾನ ಬೇರೆ ಎಲ್ಲಿಂದಲೂ ಬರುವುದಿಲ್ಲ. ಆದರೆ ಅಲ್ಲೇ ನಿಲ್ಲಬೇಡಿ. ಅವರು ಸಾಮಾನ್ಯವಾಗಿ ಊರಿನ ಬೇರೆ ಬೇರೆ ಮೂಲೆಯಲ್ಲಿರುತ್ತಾರೆ. ರಾತ್ರಿ ಒಂದು ಗಂಟೆಗೆ ಹತ್ತಿರವಿರುವುದು ಎದುರು ಬಾಗಿಲು.

ಈಗ ಆ ಎದುರು ಬಾಗಿಲಿಗೆ ಬರುತ್ತೇನೆ.

ಐದನೇ ತಿಂಗಳು. ಹಾಲಿನ ಬಲ್ಬು ಹೋಯಿತು. ಚಾವಣಿ ಎತ್ತರ, ಕುರ್ಚಿ ಹಾಕಿದರೂ ಕೈ ಎಟಕದು. ನಾನು ಆನ್‌ಲೈನಿನಲ್ಲಿ ಏಣಿ ಆರ್ಡರ್ ಮಾಡಲು ಕೂತೆ. ಹೆಂಡತಿ, 'ತಡಿ, ಕೇಳಿ ನೋಡೋಣ' ಅಂತ ಎದುರು ಮನೆಯ ಗಂಟೆ ಒತ್ತಿದಳು. ಅವರು ಏಣಿ ಕೊಟ್ಟು ಕಳಿಸಲಿಲ್ಲ, ತಾವೇ ಎತ್ತಿಕೊಂಡು ಬಂದರು. ಹಳೇ ಮರದ ಏಣಿ. ಒಂದು ಕಾಲು ಸ್ವಲ್ಪ ಗಿಡ್ಡ, ಅದರ ಕೆಳಗೆ ಇಡಲು ಮಡಚಿದ ರಟ್ಟಿನ ತುಂಡನ್ನೂ ಜೇಬಿನಲ್ಲಿ ತಂದಿದ್ದರು. ನಾನು ಮೇಲೆ ಹತ್ತಿದೆ, ಅವರು ಕೆಳಗೆ ಎರಡೂ ಕೈಯಲ್ಲಿ ಹಿಡಿದು ನಿಂತರು. ಬಲ್ಬಿಗೆ ಎರಡು ನಿಮಿಷ ಸಾಕಿತ್ತು. ಅವರು ಹೋಗುವಷ್ಟರಲ್ಲಿ ಒಂದು ಗಂಟೆ ಹೊತ್ತು ಕಳೆದಿತ್ತು.

ಮುಂದಿನ ವಾರ ಅವರು ಬಂದು, ನಾವು ಎರಡು ದಿನ ಇರುವುದಿಲ್ಲ, ಪಾರ್ಸೆಲ್ ಬಂದರೆ ಇಟ್ಟುಕೊಳ್ಳುತ್ತೀರಾ ಅಂದರು. ಗಮನಿಸಿ, ನಾವು ಕೇಳಿದ ಮೇಲೆ ಅವರಿಗೂ ಕೇಳುವ ಧೈರ್ಯ ಬಂತು. ಬರೀ ಕೊಡುವವರ ಹತ್ತಿರ ಹೋಗಲು ಜನರಿಗೆ ಸಂಕೋಚ. ಊರಿಗೆ ಹೊಸಬರಾದ ನಾವು 'ಯಾರಿಗೂ ತೊಂದರೆ ಕೊಡಬಾರದು' ಅಂತ ಗಟ್ಟಿಯಾಗಿ ಕೂತಿರುತ್ತೇವೆ. ಒಳ್ಳೆ ಮನಸ್ಸಿನಿಂದಲೇ ಹಾಗೆ ಮಾಡುತ್ತೇವೆ. ಆದರೆ ಆಚೆ ಮನೆಯವರಿಗೆ ಅದು ಮುಚ್ಚಿದ ಬಾಗಿಲಿನ ಹಾಗೆ ಕಾಣುತ್ತದೆ.

ಕೆಲವು ದಿನ ಕಳೆದು ಆ ಜ್ವರದ ರಾತ್ರಿಯ ವಿಷಯ ಅವರಿಗೆ ಹೇಳಿದೆ. ಬಾಗಿಲ ಹತ್ತಿರ ಬಂದು ತಟ್ಟದೆ ಹೋದೆ ಅಂದೆ. ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, 'ನಾನು ಎಚ್ಚರವಾಗೇ ಇದ್ದೆ. ಹೆಜ್ಜೆ ಸದ್ದು ಕೇಳಿತು. ಹೊಸಬರು, ಬಾಗಿಲು ತೆರೆದು ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಸುಮ್ಮನಾದೆ' ಅಂದರು. ಬಾಗಿಲ ಆಚೆಗೊಬ್ಬರು, ಈಚೆಗೊಬ್ಬರು. ಇಬ್ಬರಿಗೂ ಅದೇ ಸಂಕೋಚ.

ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸಾ ಲೇಕ್ 2008ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದರು. ಗುರುತಿಲ್ಲದವರ ಹತ್ತಿರ ಹೋಗಿ ಸಣ್ಣಪುಟ್ಟ ಸಹಾಯ ಕೇಳಿ ಅಂತ ಜನರನ್ನು ಕಳಿಸಿದರು. ಹೊರಡುವ ಮೊದಲು, ಎಷ್ಟು ಜನ ಒಪ್ಪಬಹುದು ಅಂತ ಅಂದಾಜು ಕೇಳಿದರು. ನಿಜವಾಗಿ ಒಪ್ಪಿದವರು ಆ ಅಂದಾಜಿಗಿಂತ ತುಂಬಾ ಹೆಚ್ಚು. ಜನ ಇಲ್ಲ ಅಂದುಬಿಡುತ್ತಾರೆ ಅನ್ನುವ ನಮ್ಮ ಭಯ ಅಷ್ಟು ದೊಡ್ಡದು. ಎರಿಕಾ ಬೂತ್‌ಬಿ ಮತ್ತು ಅವರ ಸಂಗಡಿಗರು 2018ರಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ವಿಷಯ ತೋರಿಸಿದರು. ಮೊದಲ ಸಲ ಮಾತಾಡಿ ಎದ್ದು ಬಂದ ಮೇಲೆ ನಮ್ಮನ್ನು ಅವರು ಅಷ್ಟು ಇಷ್ಟಪಡಲಿಲ್ಲ ಅಂತ ನಾವು ಅಂದುಕೊಳ್ಳುತ್ತೇವಲ್ಲ, ನಿಜದಲ್ಲಿ ಅವರು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇಷ್ಟಪಟ್ಟಿರುತ್ತಾರೆ. ಹಾಗಾಗಿ ಎರಡನೇ ಸಲ ಹೋಗಿ. ಅವರು ಮತ್ತೆ ಕರೆಯಲಿಲ್ಲ ಅಂತ ಮನೆಯಲ್ಲಿ ಕೂರಬೇಡಿ. ಅವರೂ ಇದೇ ಲೆಕ್ಕ ಹಾಕುತ್ತಾ ಕೂತಿರಬಹುದು.

ತಟ್ಟಿದ ಬಾಗಿಲಿನದೂ ಒಂದು ಕತೆ ಇದೆ. ಡ್ಯಾನಿಯಲ್ ಆಲ್ಡ್ರಿಚ್ ಎಂಬ ರಾಜ್ಯಶಾಸ್ತ್ರಜ್ಞ 2005ರ ಜುಲೈಯಲ್ಲಿ ಕುಟುಂಬದ ಜೊತೆ ಅಮೆರಿಕದ ನ್ಯೂ ಆರ್ಲಿಯನ್ಸ್‌ಗೆ ಬಂದರು. ಹೊಸ ಕೆಲಸ, ಚಿಕ್ಕ ಮಕ್ಕಳು, ಗೊತ್ತಿಲ್ಲದ ಊರು. ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿತು. ಅದಕ್ಕೆ ಮೊದಲು ಒಂದು ರಾತ್ರಿ ತಡವಾಗಿ ನೆರೆಯವರೊಬ್ಬರು ಬಾಗಿಲು ತಟ್ಟಿದರು. ಇವರಿಗೆ ಇಲ್ಲಿನ ಚಂಡಮಾರುತ ಅಂದರೆ ಏನು ಅಂತ ಗೊತ್ತಿಲ್ಲ ಅಂತ ಆ ನೆರೆಯವರಿಗೆ ಗೊತ್ತಿತ್ತು. ಹೊರಡಿ ಅಂತ ಒಪ್ಪಿಸಿದರು. ಕುಟುಂಬ ಕಾರಿನಲ್ಲಿ ಹೊರಟು ಉಳಿಯಿತು. ಮನೆ ನೀರುಪಾಲಾಯಿತು. ಆಮೇಲೆ ಆಲ್ಡ್ರಿಚ್ ತಮ್ಮ ಸಂಶೋಧನೆಯನ್ನೇ ಆ ಕಡೆ ತಿರುಗಿಸಿದರು. ಭೂಕಂಪ, ಸುನಾಮಿ ಆದ ಜಾಗಗಳಲ್ಲಿ ಯಾವ ಬೀದಿಗಳು ಬೇಗ ಎದ್ದು ನಿಂತವು ಅಂತ ನೋಡುತ್ತಾ ಹೋದರು. ಅಕ್ಕಪಕ್ಕದವರ ನಡುವಿನ ಒಡನಾಟ ದೊಡ್ಡ ಕಾರಣ ಅಂತ ಅವರಿಗೆ ಮತ್ತೆ ಮತ್ತೆ ಕಂಡಿತು.

ಆ ಕುಟುಂಬ ಅಲ್ಲಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಆಪ್ತ ಸ್ನೇಹಕ್ಕೆ 200 ಗಂಟೆ ಬೇಕು ಅಂತ ಈಗಷ್ಟೇ ಹೇಳಿದೆ. ಬಾಗಿಲು ತಟ್ಟಲು ಅಷ್ಟೆಲ್ಲ ಬೇಡ. ಈ ಮನೆಯಲ್ಲಿ ಯಾರಿದ್ದಾರೆ, ಅವರಿಗೆ ಏನು ಗೊತ್ತಿಲ್ಲ ಅನ್ನುವಷ್ಟು ತಿಳಿದಿದ್ದರೆ ಸಾಕು.

ನಮ್ಮ ಮಗನ ಫಾರ್ಮಿನ ಆ ಸಾಲು ಏನಾಯಿತು ಅಂತ ಕೇಳಬಹುದು. ಏಣಿ ತಂದವರ ಹೆಸರು ಬರೆದು ಕೊಟ್ಟೆ, ಬಂದು ಹತ್ತು ತಿಂಗಳಾದ ಮೇಲೆ. ಅವರನ್ನು ಕೇಳಿದಾಗ, 'ಇದನ್ನೂ ಕೇಳಬೇಕಾ' ಅಂದರು.

ನನಗೆ ಹೆಚ್ಚು ನೆನಪಿರುವುದು ಅದರ ಮುಂದಿನ ವರ್ಷದ ಒಂದು ಸಂಜೆ. ನಮ್ಮ ಮಹಡಿಯ ಕೊನೆಯ ಮನೆಗೆ ಒಂದು ಕುಟುಂಬ ಬಂದಿತ್ತು, ನಮ್ಮ ಹಾಗೇ ದೂರದಿಂದ. ಅವರು ಬಂದ ದಿನವೇ ಹೆಂಡತಿ ಹೋಗಿ ನಂಬರ್ ಕೊಟ್ಟಿದ್ದಳು, ನೀರು ಬರುವ ಹೊತ್ತು, ಹತ್ತಿರದ ಡಾಕ್ಟರು ಎಲ್ಲ ಹೇಳಿದ್ದಳು. ವಾರ ಕಳೆದ ಮೇಲೆ ಆ ಮನೆಯ ತಂದೆ ಕೈಯಲ್ಲಿ ಒಂದು ಫಾರ್ಮ್ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು. ಅದೇ ಶಾಲೆ, ಅದೇ ಕೊನೆಯ ಪುಟ. ಹೇಗೆ ಕೇಳುವುದು ಅಂತ ತಡವರಿಸುತ್ತಿದ್ದರು. ನಾನೇ ಪೆನ್ನು ತಂದುಕೊಟ್ಟೆ. ಹೆಸರಿನ ಚೌಕದಲ್ಲಿ ನನ್ನ ಹೆಂಡತಿಯ ಹೆಸರು ಬರೆದರು, ಆಮೇಲೆ ಫೋನ್ ನಂಬರ್. ಮೂರನೇ ಚೌಕಕ್ಕೆ ಬಂದು ತಲೆ ಎತ್ತಿ ನೋಡಿದರು.

'ಸಂಬಂಧ ಅಂತ ಇದೆ. ಏನು ಬರೆಯಲಿ?'

ಒಳಗಿಂದ ಅವಳೇ ಹೇಳಿದಳು: 'ಪಕ್ಕದ ಮನೆ ಅಂತ ಬರೀರಿ.'